ಹಲಸಿನ ರೆಚ್ಚೆ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಶ್ರೋತೃಗಳೇ, ನಮಸ್ಕಾರ.

ಮಳೆ ಹಿಡಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆ ಹಲಸಿನ ಹಣ್ಣು ಬಿಡಿಸಿದ ಮರುದಿನ ಹಿತ್ತಲಿಗೆ ಹೋಗಿ ನೋಡಿ. ಎಸೆದ ರೆಚ್ಚೆಗೆ ಎಳ್ಳುಕಾಳಿನಷ್ಟು ಸಣ್ಣ, ಕೆಂಪು ಕಣ್ಣಿನ ನೊಣಗಳು ಮುತ್ತಿರುತ್ತವೆ. ನಾವು ನುಸಿ ಅಂತ ಕೈ ಬೀಸುತ್ತೇವೆ. ವಿಜ್ಞಾನಿಗಳು ಡ್ರೊಸೊಫಿಲಾ ಅನ್ನುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇವನ್ನು ಸಾಕಲೆಂದೇ ಒಂದು ಕೇಂದ್ರವಿದೆ.

ಕಳೆದ ಮಳೆಗಾಲ ಭೂತಗನ್ನಡಿ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಕಾಪಿ ಆರಿಹೋಯಿತು. ಗಂಡು ಹೆಣ್ಣಿನ ಬೆನ್ನು ಹತ್ತಿತು. ಮುಂಗಾಲಿನಿಂದ ಮೆಲ್ಲಗೆ ತಟ್ಟಿತು. ಅದು ರುಚಿ ನೋಡಿದ್ದು, ನೊಣಕ್ಕೆ ಕಾಲಿನಲ್ಲೂ ನಾಲಿಗೆ ಇದ್ದಂತೆ. ಆಮೇಲೆ ಒಂದೇ ಒಂದು ರೆಕ್ಕೆ ಪಕ್ಕಕ್ಕೆ ಚಾಚಿ ನಡುಗಿಸಿತು. ಅದೇ ಹಾಡು. ರೇಡಿಯೋದಲ್ಲಿ ಕೇಳಿಸೋಣವೆಂದರೆ ನಮ್ಮ ಬರಿಗಿವಿಗೆ ದಕ್ಕುವಂಥದ್ದಲ್ಲ. ಹೆಣ್ಣು ಅದನ್ನು ಕೇಳುವುದು ಮೀಸೆಯಿಂದ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು ಹೋಗಿ ವಾರಗಟ್ಟಲೆ ಕಾಯಿಸುತ್ತಾರೆ. ಇಲ್ಲಿ ತೀರ್ಮಾನ ನಿಂತಲ್ಲೇ, ಅದೂ ಹೆಣ್ಣಿನದ್ದು.

ಈ ಹಾಡು ಕಲಿಸಿದವರಾರು? ಯಾರೂ ಇಲ್ಲ. ಹುಟ್ಟಿನಿಂದ ಒಂಟಿಯಾಗಿ ಬೆಳೆಸಿದ ಗಂಡೂ ಹಾಡುತ್ತದೆ. 1963ರಲ್ಲಿ ಅಮೆರಿಕದ ಯೇಲ್‌ನಲ್ಲಿ ಕುಲಬೀರ್ ಗಿಲ್ ಎಂಬವರು ಬೇರೇನೋ ಹುಡುಕುತ್ತಿದ್ದಾಗ, ಗಂಡುಗಳನ್ನೇ ಓಲೈಸುವ ಗಂಡು ನೊಣಗಳು ಕಣ್ಣಿಗೆ ಬಿದ್ದವು. ಅವುಗಳಲ್ಲಿ ಏರುಪೇರಾಗಿದ್ದ ಜೀನಿಗೆ, ಅಂದರೆ ಹುಟ್ಟುಗುಣ ಹೊತ್ತು ತರುವ ವಂಶವಾಹಿಗೆ, ಈಗ ಫ್ರೂಟ್‌ಲೆಸ್ ಎಂದು ಹೆಸರು. ಈ ಜೀನಿನಿಂದ ಹೊರಟ ಸಂದೇಶವನ್ನು ಗಂಡಿನ ದೇಹ ಒಂದು ಬಗೆಯಲ್ಲಿ ಕತ್ತರಿಸಿ ಜೋಡಿಸುತ್ತದೆ, ಹೆಣ್ಣಿನ ದೇಹ ಇನ್ನೊಂದು ಬಗೆಯಲ್ಲಿ. 2005ರಲ್ಲಿ ಎಬ್ರು ದೆಮಿರ್, ಬ್ಯಾರಿ ಡಿಕ್ಸನ್ ಇಬ್ಬರೂ ಹೆಣ್ಣು ನೊಣಗಳಲ್ಲಿ ಗಂಡಿನ ಜೋಡಣೆ ಆಗುವಂತೆ ಮಾಡಿದರು. ಆ ಹೆಣ್ಣುಗಳು ಬೇರೆ ಹೆಣ್ಣುಗಳ ಬೆನ್ನು ಹತ್ತಿ ರೆಕ್ಕೆ ಚಾಚಿದವು!

ಹಾಗಂತ ಎಲ್ಲವೂ ಒಂದೇ ಜೀನಿನ ಕೈಯಲ್ಲಿದೆ ಅಂದುಕೊಳ್ಳಬೇಡಿ. ಹಾಡಿನ ತಾಳಕ್ಕೆ ಹಲವು ಜೀನುಗಳು ಕೈಜೋಡಿಸುತ್ತವೆ. ಮೆಲನೊಗ್ಯಾಸ್ಟರ್ ಜಾತಿಯ ಗಂಡಿನ ಎರಡು ಮಿಡಿತಗಳ ನಡುವೆ ಸುಮಾರು 35 ಮಿಲಿಸೆಕೆಂಡ್. ಹತ್ತಿರದ ದಾಯಾದಿ ಸಿಮ್ಯುಲನ್ಸ್‌ನಲ್ಲಿ ಹೆಚ್ಚುಕಡಿಮೆ 50. ಇಷ್ಟೇ ವ್ಯತ್ಯಾಸ, ಹೆಣ್ಣು ಗುರುತು ಹಿಡಿಯುತ್ತದೆ. ನನಗೆ ಸೋಜಿಗವೆನಿಸುವುದು ಇಲ್ಲಿ: ಗಂಡಿನ ತಾಳ ಒಂದಿಷ್ಟು ಜಾರಿದರೆ ಕೇಳುವ ಹೆಣ್ಣೂ ಬೇಕಲ್ಲ? ಹಾಡೂ ಕಿವಿಯೂ ಜೊತೆಜೊತೆಗೆ ಸರಿದು ಬಂದದ್ದೂ ಹೊಸ ಜಾತಿಗಳು ಬೇರೆಬೇರೆಯಾಗಿ ಉಳಿಯಲು ಒಂದು ಕಾರಣವಿರಬಹುದು.

ನಮ್ಮ ರೆಚ್ಚೆಯ ಮೇಲೆ ಅಂದು ಎಷ್ಟು ಜಾತಿಯವು ಸೇರಿದ್ದವೋ, ನನ್ನ ಗಾಜಿಗೆ ತಿಳಿಯಲಿಲ್ಲ. ಒಂದು ಹೆಣ್ಣು ಮಾತ್ರ ಮೂರು ಗಂಡುಗಳಿಂದ ಸರಕ್ಕನೆ ತಪ್ಪಿಸಿಕೊಂಡು, ನಾಲ್ಕನೆಯದು ರೆಕ್ಕೆ ಚಾಚಿದಾಗ ಓಟ ನಿಧಾನ ಮಾಡಿತು.