ಸಾವಿರ ವಾರ್ನಿಂಗ್‌ಗಳ ರಾಶಿಯಲ್ಲಿ ಹೊಸದೊಂದನ್ನು ಹಿಡಿಯೋದು ಹೇಗೆ?

[ಪರದೆ: ಟರ್ಮಿನಲ್‌ನಲ್ಲಿ ಬಿಲ್ಡ್ ಓಡ್ತಿದೆ. ವಾರ್ನಿಂಗ್ ಸಾಲುಗಳು ಓದೋಕಾಗದ ವೇಗದಲ್ಲಿ ಮೇಲೆ ಹೋಗ್ತಿವೆ.]

ನಮಸ್ಕಾರ. ದೊಡ್ಡ ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡೋರಿಗೆ ಈ ಸ್ಕ್ರೀನ್ ಹೊಸದಲ್ಲ. ಬಿಲ್ಡ್ ಕೊಟ್ರೆ, ಅಂದ್ರೆ ಕೋಡನ್ನ ಓಡೋ ಪ್ರೋಗ್ರಾಂ ಆಗಿ ಬದಲಾಯಿಸೋಕೆ ಹೇಳಿದ್ರೆ, ಆ ಕೆಲಸ ಮಾಡೋ ಕಂಪೈಲರ್‌ನಿಂದ ವಾರ್ನಿಂಗ್, ಅಂದ್ರೆ ಇಲ್ಲಿ ತಪ್ಪಿರಬಹುದು ಅನ್ನೋ ಎಚ್ಚರಿಕೆ, ಸುರಿಯುತ್ತೆ, ಕೊನೆಗೆ ಬಿಲ್ಡ್ ಪಾಸ್ ಆಗುತ್ತೆ, ಯಾರೂ ಓದಲ್ಲ. ಇವತ್ತು ಬೆಳಿಗ್ಗೆ ನೀವು ಸೇರಿಸಿದ ಕೋಡ್‌ನಿಂದ ಒಂದು ಹೊಸ ವಾರ್ನಿಂಗ್ ಬಂದಿದ್ರೂ ಅದು ಆ ರಾಶಿಯೊಳಗೆ ಮುಳುಗಿಹೋಗುತ್ತೆ. ನನ್ನ ಪ್ರಕಾರ ದೊಡ್ಡ ಪ್ರಾಜೆಕ್ಟ್‌ನ ನಿಜವಾದ ತೊಂದರೆ ಇದು. ಹಳೇ ವಾರ್ನಿಂಗ್ ಸಾವಿರ ಇದ್ರೂ ತಡ್ಕೋಬಹುದು, ಹೊಸದು ಕಣ್ಣಿಗೆ ಬೀಳದಿದ್ರೆ ತಡ್ಕೊಳ್ಳೋಕಾಗಲ್ಲ.

ಇದನ್ನ ಲಿನಕ್ಸ್ ಕರ್ನಲ್, ಅಂದ್ರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಇಟ್ಕೊಂಡು ನೋಡೋಣ. ಎರಡು ಕೋಟಿಗೂ ಹೆಚ್ಚು ಸಾಲು ಕೋಡ್, ಸಾವಿರಾರು ಡೆವಲಪರ್‌ಗಳು. ಯಾವ ವಾರ್ನಿಂಗ್ ಯಾವಾಗ ಆನ್ ಆಯ್ತು, ಯಾವುದನ್ನ ಯಾಕೆ ಆಫ್ ಮಾಡಿದ್ರು ಅನ್ನೋದೆಲ್ಲ ಯಾರು ಬೇಕಾದ್ರೂ ಓದೋ ಹಾಗೆ ದಾಖಲಾಗಿದೆ.

[ಪರದೆ: ಒಂದು ಸ್ವಿಚ್. ಮೊದಲ ಕೇಸ್ 'ಸ್ಟಾಪ್', ಅದರ ಕೆಳಗೆ 'ರೀಸೆಟ್'. ಸ್ಟಾಪ್‌ನ ಕೊನೆಯಲ್ಲಿ ಬ್ರೇಕ್ ಇಲ್ಲ.]

ಈ ಕೋಡ್ ನೋಡಿ. ಸ್ಟಾಪ್ ಅಂತ ಆಜ್ಞೆ ಬಂದ್ರೆ ಟೈಮರ್ ನಿಲ್ಲಿಸಬೇಕು. ರೀಸೆಟ್ ಬಂದ್ರೆ ಡಿವೈಸನ್ನ ಮೊದಲಿನ ಸ್ಥಿತಿಗೆ ತರಬೇಕು. ಸ್ಟಾಪ್ ಮುಗಿದ ಮೇಲೆ ಬ್ರೇಕ್ ಇಲ್ಲ. ಸಿ ಭಾಷೆಯಲ್ಲಿ ಹೀಗಿದ್ರೆ ಕೋಡ್ ಅಲ್ಲಿ ನಿಲ್ಲಲ್ಲ, ನೇರ ರೀಸೆಟ್‌ಗೆ ಇಳಿಯುತ್ತೆ. ಇದಕ್ಕೆ ಫಾಲ್‌ಥ್ರೂ ಅಂತಾರೆ. ಇದು ಬೇಕಂತಲೇ ಬರೆದಿದ್ದಾ, ಬ್ರೇಕ್ ಹಾಕೋಕೆ ಮರೆತಿದ್ದಾ? ನೋಡೋಕೆ ಎರಡೂ ಒಂದೇ ಥರ. ಬರೆದವರು ಪ್ರಾಜೆಕ್ಟ್ ಬಿಟ್ಟು ಎಷ್ಟೋ ವರ್ಷ ಆಗಿದ್ರೆ ಕೇಳೋಣ ಅಂದ್ರೂ ಯಾರಿಲ್ಲ.

2017ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 7ನೇ ಆವೃತ್ತಿ, ಇಂಥ ಜಾಗ ಸಿಕ್ಕ ಕಡೆಯೆಲ್ಲ ಎಚ್ಚರಿಸೋ ವಾರ್ನಿಂಗ್ ತಂತು. ಕರ್ನಲ್ ಮೇಲೆ ಅದನ್ನ ಓಡಿಸಿದ್ರೆ ಎರಡು ಸಾವಿರಕ್ಕೂ ಹೆಚ್ಚು ಕಡೆ ವಾರ್ನಿಂಗ್! ಗುಸ್ತಾವೊ ಸಿಲ್ವಾ ಅನ್ನೋ ಡೆವಲಪರ್ ಮುಂದೆ ನಿಂತು ಒಂದೊಂದೇ ಜಾಗವನ್ನ ನೋಡ್ತಾ ಹೋದ್ರು. ಉದ್ದೇಶಪೂರ್ವಕ ಅಂತ ಖಚಿತವಾದ ಕಡೆ, ಇಲ್ಲಿ ಕೆಳಗೆ ಇಳಿಯೋದು ಸರಿ ಅಂತ ಗುರುತು. ಮರೆತಿದ್ದ ಕಡೆ ಬ್ರೇಕ್. ಈ ತಿದ್ದುಪಡಿಗಳು, ಅಂದ್ರೆ ಪ್ಯಾಚ್‌ಗಳು, ಚಿಕ್ಕ ಚಿಕ್ಕದಾಗಿ ಆಯಾ ಭಾಗವನ್ನ ನೋಡ್ಕೊಳ್ಳೋ ಮೇಂಟೇನರ್‌ಗಳ ಕೈಗೆ ಹೋದವು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿದ್ದ ನಿಜವಾದ ಬಗ್‌ಗಳು ಆಗ ಹೊರಗೆ ಬಂದವು. ರಾಶಿ ಪೂರ್ತಿ ಕರಗ್ತಾ ಬಂದ ಮೇಲೆ, 2019ರ ಕರ್ನಲ್ 5.3 ಆವೃತ್ತಿಯಲ್ಲಿ, ಆ ವಾರ್ನಿಂಗ್ ಎಲ್ಲರಿಗೂ ಆನ್ ಆಯ್ತು. ಅಲ್ಲಿಂದಾಚೆ ಜಿಸಿಸಿಯಲ್ಲಿ ಬಿಲ್ಡ್ ಮಾಡೋರು ಯಾರು ಬ್ರೇಕ್ ಮರೆತ್ರೂ ಆ ಒಂದು ಸಾಲು ಎದ್ದು ಕಾಣುತ್ತೆ.

ಕ್ರಮ ಗಮನಿಸಿ: ಒಂದು ಬಗೆಯ ವಾರ್ನಿಂಗ್ ಆರಿಸ್ಕೊಂಡ್ರು, ಅದನ್ನ ಮುಗಿಸಿದ್ರು, ಆಮೇಲೆ ಬಾಗಿಲು ಹಾಕಿದ್ರು. 2018ರ ಕೊನೆಗೆ ಬಂದ ಕರ್ನಲ್ 4.20ರಲ್ಲಿ, ಪ್ರೋಗ್ರಾಂ ಓಡುವಾಗ ಉದ್ದ ತೀರ್ಮಾನ ಆಗೋ ಅರೇಗಳನ್ನ (ಬೆಲೆಗಳ ಸಾಲುಗಳನ್ನ) ಕರ್ನಲ್‌ನಿಂದ ಹೊರಗೆ ಹಾಕಿದ್ದೂ ಹೀಗೇನೇ.

[ಪರದೆ: ಒಂದೇ ಥರ ಕಾಣೋ ಎರಡು ಸಾಲು, ಎರಡು ಬೇರೆ ಫಂಕ್ಷನ್‌ಗಳಲ್ಲಿ. ಎರಡನ್ನೂ ಕಾಮೆಂಟ್ ಮಾಡಲಾಗಿದೆ.]

ಈಗ ಇದಕ್ಕೆ ತದ್ವಿರುದ್ಧವಾದ ಒಂದು ಘಟನೆ. ಇಲ್ಲಿ ಎಚ್ಚರಿಸಿದ್ದು ಕಂಪೈಲರ್ ಅಲ್ಲ, ವಾಲ್‌ಗ್ರೈಂಡ್ ಅನ್ನೋ ಪರೀಕ್ಷಾ ಸಾಧನ. ಆದ್ರೆ ವಾರ್ನಿಂಗ್‌ನ ಬಾಯಿ ಮುಚ್ಚಿಸೋದು ಎಷ್ಟು ದುಬಾರಿ ಅಂತ ಇದಕ್ಕಿಂತ ಚೆನ್ನಾಗಿ ತೋರಿಸೋ ಉದಾಹರಣೆ ನನಗೆ ಗೊತ್ತಿಲ್ಲ.

2006ರಲ್ಲಿ, ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನ ಓಪನ್ ಎಸ್ಎಸ್ಎಲ್ ಪ್ಯಾಕೇಜ್‌ನಲ್ಲಿ, ಅಂದ್ರೆ ಗೂಢಲಿಪಿ ಕೀಗಳನ್ನ ಮಾಡೋ ಲೈಬ್ರರಿಯಲ್ಲಿ, ಬೆಲೆ ತುಂಬದ ಮೆಮೊರಿಯನ್ನ ಓದ್ತಿದ್ದೀರಿ ಅಂತ ಎಚ್ಚರಿಕೆ ಬರ್ತಿತ್ತು. ಕಾರಣ ಎರಡು ಸಾಲು, ಎರಡೂ ನೋಡೋಕೆ ಹೆಚ್ಚುಕಮ್ಮಿ ಒಂದೇ. ಒಂದನ್ನ ತೆಗೆದ್ರೆ ಏನೂ ಆಗ್ತಿರಲಿಲ್ಲ. ಇನ್ನೊಂದು, ಯಾದೃಚ್ಛಿಕ ಸಂಖ್ಯೆ ಹುಟ್ಟಿಸೋ ಯಂತ್ರಕ್ಕೆ ಬೀಜ, ಅಂದ್ರೆ ಊಹಿಸೋಕಾಗದ ಆರಂಭದ ಬೆಲೆ, ಹಾಕೋ ಸಾಲು. ಎರಡನ್ನೂ ತೆಗೆದ್ರು. ಎಚ್ಚರಿಕೆ ನಿಂತುಹೋಯ್ತು. ಅದರ ಜೊತೆಗೆ ಯಾದೃಚ್ಛಿಕತೆಯೂ ಹೋಯ್ತು: ಉಳಿದಿದ್ದು ಓಡ್ತಿರೋ ಪ್ರೋಗ್ರಾಂಗೆ ಸಿಸ್ಟಮ್ ಕೊಡೋ ನಂಬರ್ ಆದ ಪ್ರೋಸೆಸ್ ಐಡಿ ಮಾತ್ರ, ಅಂದ್ರೆ ಹೆಚ್ಚೆಂದ್ರೆ 32,768 ಸಾಧ್ಯತೆ. ಒಂದು ಬಗೆಯ, ಒಂದು ಅಳತೆಯ ಕೀಗಳನ್ನೆಲ್ಲ ಯಾರು ಬೇಕಾದ್ರೂ ಮೊದಲೇ ತಯಾರು ಮಾಡಿ ಇಟ್ಕೋಬಹುದಿತ್ತು. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ ಡೆಬಿಯನ್, ಉಬುಂಟು ಬಳಸ್ತಿದ್ದವರು ಕೀಗಳನ್ನೆಲ್ಲ ಹೊಸದಾಗಿ ಮಾಡ್ಕೋಬೇಕಾಯ್ತು.

ಇದೇ ಅಪಾಯ ಚಿಕ್ಕ ರೂಪದಲ್ಲಿ ದಿನಾ ನಮ್ಮ ಕೋಡ್‌ನಲ್ಲೂ ನಡೆಯುತ್ತೆ. ಈ ವೇರಿಯಬಲ್‌ಗೆ ಬೆಲೆ ಸಿಗದೇ ಇರಬಹುದು ಅಂತ ಕಂಪೈಲರ್ ಹೇಳುತ್ತೆ. ನಾವು ಪಟ್ಟಂತ ಸೊನ್ನೆ ಕೊಟ್ಟು ಮುಂದೆ ಹೋಗ್ತೀವಿ. ಆದ್ರೆ ಯಾವುದೋ ಒಂದು ದಾರಿಯಲ್ಲಿ ನಿಜವಾಗ್ಲೂ ಬೆಲೆ ತುಂಬೋಕೆ ಮರೆತಿದ್ರೆ? ಇನ್ಮೇಲೆ ಕಂಪೈಲರ್ ಹೇಳಲ್ಲ, ಕೋಡ್ ತಪ್ಪಾದ ಸೊನ್ನೆ ಇಟ್ಕೊಂಡು ಓಡ್ತಾ ಇರುತ್ತೆ. ನಾವು ಕಳ್ಕೊಂಡಿದ್ದು ಒಬ್ಬ ಸಾಕ್ಷಿಯನ್ನ.

ಹಾಗಂತ ಕಂಪೈಲರ್ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಇದೇ ವಾರ್ನಿಂಗ್ ಜಿಸಿಸಿ 10ರಲ್ಲಿ ಸುಳ್ಳು ಎಚ್ಚರಿಕೆಗಳನ್ನ ತುಂಬಾ ಕೊಡೋಕೆ ಶುರು ಮಾಡಿದಾಗ, 2020ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದನ್ನ ಮಾಮೂಲಿ ಬಿಲ್ಡ್‌ನಿಂದಲೇ ತೆಗೆದ್ರು. ಬೇಕಾದವರು ಬಿಲ್ಡ್ ಆಜ್ಞೆಗೆ ಡಬ್ಲ್ಯೂ ಈಕ್ವಲ್ಸ್ ಟು 2 (W=2) ಅಂತ ಕೊಟ್ಟು ನೋಡಬಹುದು. ನನಗೆ ಅದು ಸರಿಯಾದ ನಿರ್ಧಾರ ಅನ್ಸುತ್ತೆ. ಸುಳ್ಳು ಹೆಚ್ಚಾದ್ರೆ ಜನ ನಿಜವಾದ ವಾರ್ನಿಂಗ್‌ಗಳನ್ನೂ ಓದೋದು ಬಿಡ್ತಾರೆ.

[ಪರದೆ: ಫೋಲ್ಡರ್‌ಗಳ ಪಟ್ಟಿ. ಪ್ರತಿಯೊಂದರ ಮುಂದೆ ವಾರ್ನಿಂಗ್ ಸಂಖ್ಯೆ.]

ಸರಿ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಇವತ್ತೇ ರಾಶಿ ಇದೆ. ಎಲ್ಲಿಂದ ಶುರು ಮಾಡೋದು?

ಬೇರೆಯವರ ಲೈಬ್ರರಿಗಳ ಹೆಡರ್‌ಗಳನ್ನ ಮೊದಲು ಬದಿಗಿಡಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲೂ ಅವನ್ನ ಐಸಿಸ್ಟಮ್ (-isystem) ಫ್ಲ್ಯಾಗ್ ಮೂಲಕ ಸೇರಿಸಿದ್ರೆ ಅವುಗಳೊಳಗಿನ ವಾರ್ನಿಂಗ್ ನಿಮಗೆ ಕಾಣಲ್ಲ. ಉಳಿದಿದ್ದು ನಿಮ್ಮದೇ. ಅದನ್ನ ಫೋಲ್ಡರ್‌ವಾರು, ಬಗೆವಾರು ಎಣಿಸಿ ಒಂದು ಫೈಲ್‌ನಲ್ಲಿಡಿ. ಸಿಐ, ಅಂದ್ರೆ ಪ್ರತಿ ಬದಲಾವಣೆಯನ್ನೂ ತಾನಾಗೇ ಬಿಲ್ಡ್ ಮಾಡಿ ಪರೀಕ್ಷಿಸೋ ವ್ಯವಸ್ಥೆ, ಪ್ರತಿ ಮರ್ಜ್‌ಗೂ (ಹೊಸ ಕೋಡ್ ಮೂಲಕ್ಕೆ ಸೇರೋದಕ್ಕೂ) ಮುಂಚೆ ಮತ್ತೆ ಎಣಿಸಲಿ: ಸಂಖ್ಯೆ ಏರಿದ್ರೆ ಮರ್ಜ್ ಬೇಡ, ಇಳಿದ್ರೆ ಹೊಸ ಸಂಖ್ಯೆಯೇ ಮಿತಿ. ಹಳೇ ರಾಶಿ ಹಾಗೇ ಇರುತ್ತೆ, ಆದ್ರೆ ಬೆಳೆಯಲ್ಲ.

ಆಮೇಲೆ ಆಯ್ಕೆ. ಬೆಲೆ ಹಿಂತಿರುಗಿಸಬೇಕಾದ ಫಂಕ್ಷನ್ ಏನೂ ಹಿಂತಿರುಗಿಸದೇ ಮುಗಿಯೋದು, ಪ್ರಿಂಟ್‌ಎಫ್‌ನ ಫಾರ್ಮ್ಯಾಟ್‌ಗೂ ಕೊಟ್ಟ ಬೆಲೆಗೂ ಹೊಂದದೇ ಇರೋದು, ಇಂಥವು ಮೊದಲು, ಯಾಕಂದ್ರೆ ಇಲ್ಲಿ ಬಗ್ ಸಿಗೋ ಸಾಧ್ಯತೆ ಹೆಚ್ಚು. ಬಳಸದ ಪ್ಯಾರಾಮೀಟರ್‌ನಂಥವು ಕಾಯಬಹುದು. ಒಂದು ಮಾತು: ಡಬ್ಲ್ಯೂ ಆಲ್ (-Wall) ಅನ್ನೋ ಕಂಪೈಲರ್ ಫ್ಲ್ಯಾಗ್ ಅಂದ್ರೆ ಎಲ್ಲಾ ವಾರ್ನಿಂಗ್ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ನಾವು ನೋಡಿದ ಫಾಲ್‌ಥ್ರೂ ವಾರ್ನಿಂಗ್ ಜಿಸಿಸಿಯಲ್ಲಿ ಬರೋದು ಡಬ್ಲ್ಯೂ ಎಕ್ಸ್‌ಟ್ರಾ (-Wextra) ಫ್ಲ್ಯಾಗ್‌ನಲ್ಲಿ.

ಸುಳ್ಳು ಅಂತ ಖಚಿತವಾದ ವಾರ್ನಿಂಗ್ ಇದ್ರೆ ಆ ಒಂದು ಜಾಗದಲ್ಲಿ ಮಾತ್ರ ಅದನ್ನ ಆಫ್ ಮಾಡೋ ಪ್ರಾಗ್ಮಾ, ಅಂದ್ರೆ ಕಂಪೈಲರ್‌ಗೆ ಕೋಡ್‌ನಲ್ಲೇ ಬರೆಯೋ ಸೂಚನೆ, ಹಾಕಿ, ಯಾಕೆ ಅಂತ ಪಕ್ಕದಲ್ಲೇ ಬರೀರಿ. ಒಂದು ಫೈಲ್‌ನ ಕಿರಿಕಿರಿಗೆ ಇಡೀ ಪ್ರಾಜೆಕ್ಟ್‌ನಲ್ಲಿ ಅದನ್ನ ಆಫ್ ಮಾಡಬೇಡಿ.

[ಪರದೆ: ಕ್ಯಾಲೆಂಡರ್, ಸೆಪ್ಟೆಂಬರ್ 2021.]

ಕೊನೇದಾಗಿ, ವಾರ್ನಿಂಗನ್ನೆಲ್ಲ ಬಿಲ್ಡ್ ನಿಲ್ಲಿಸೋ ಎರರ್ ಮಾಡೋ ಡಬ್ಲ್ಯೂ ಎರರ್ (-Werror) ಫ್ಲ್ಯಾಗ್. 2021ರ ಸೆಪ್ಟೆಂಬರ್‌ನಲ್ಲಿ ಲಿನಸ್ ಇದನ್ನ ಎಲ್ಲಾ ಕರ್ನಲ್ ಬಿಲ್ಡ್‌ಗಳಿಗೂ ಡೀಫಾಲ್ಟ್ ಮಾಡಿದ್ರು. ಬೇರೆ ಬೇರೆ ಪ್ರೊಸೆಸರ್, ಬೇರೆ ಬೇರೆ ಕಂಪೈಲರ್, ಲೆಕ್ಕವಿಲ್ಲದಷ್ಟು ಕಾನ್ಫಿಗರೇಶನ್: ಎಷ್ಟೋ ಕಡೆ ಬಿಲ್ಡ್ ಮುರಿದುಬಿತ್ತು. ಕೆಲವೇ ದಿನಗಳಲ್ಲಿ ಡೀಫಾಲ್ಟನ್ನ ಪರೀಕ್ಷೆಗೆ ಅಂತಲೇ ಮಾಡೋ ಬಿಲ್ಡ್‌ಗಳಿಗೆ ಸೀಮಿತ ಮಾಡಿದ್ರು. ಹಾಗಾಗಿ ಡಬ್ಲ್ಯೂ ಎರರ್ ನಿಮ್ಮ ಸಿಐನಲ್ಲಿರಲಿ, ಅಲ್ಲಿ ಕಂಪೈಲರ್ ಆವೃತ್ತಿ ನಿಮ್ಮ ಕೈಯಲ್ಲಿರುತ್ತೆ. ಬೇರೆಯವರಿಗೆ ಹಂಚೋ ಸೋರ್ಸ್‌ನಲ್ಲಿ ಬೇಡ. ಮುಂದಿನ ಕಂಪೈಲರ್ ತರೋ ಹೊಸ ವಾರ್ನಿಂಗ್ ಅವರ ಬಿಲ್ಡನ್ನ ನಿಲ್ಲಿಸುತ್ತೆ, ಅವರಿಗೆ ಕಾರಣವೂ ಗೊತ್ತಾಗಲ್ಲ. ಹೊಸ ಕಂಪೈಲರ್‌ಗಾಗಿ ಫೇಲ್ ಆಗದ ಬೇರೆ ಸಿಐ ಜಾಬ್ ಇಡಿ. ಆವೃತ್ತಿ ಬದಲಾಯಿಸೋ ಹೊತ್ತಿಗೆ ಅದರ ವಾರ್ನಿಂಗ್ ಪಟ್ಟಿ ಟೀಮ್‌ನ ಕೈಯಲ್ಲಿರುತ್ತೆ.