ಭೇಟಿಯ ಲೆಕ್ಕ ಬೇರೆ, ಜೀವನಾಂಶದ ಲೆಕ್ಕ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ ದಿನವೂ ಕಿವಿಗೆ ಬೀಳುವ ಮಾತು ಎರಡು. "ಅವರು ದುಡ್ಡೇ ಕೊಡಲ್ಲ, ಮಗೂನ ನಾನ್ಯಾಕೆ ಕಳಿಸಲಿ?" ಅಂತ ತಾಯಿ. "ಮಗೂ ಮುಖ ನೋಡೋಕೇ ಬಿಡಲ್ಲ, ನಾನ್ಯಾಕೆ ದುಡ್ಡು ಕೊಡಲಿ?" ಅಂತ ತಂದೆ. ಇಬ್ಬರ ಸಂಕಟವೂ ನಿಜವೇ. ಆದರೆ ಕಾನೂನು ಇಬ್ಬರ ವಾದವನ್ನೂ ಒಪ್ಪುವುದಿಲ್ಲ. ಜೀವನಾಂಶ ಮಗುವಿನದು. ಅಪ್ಪ ಅಮ್ಮ ಇಬ್ಬರ ಒಡನಾಟವೂ ಮಗುವಿನದೇ. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡಲು ಬರುವುದಿಲ್ಲ.

ಹಾಗಾದರೆ ದುಡ್ಡು ಬರದಿದ್ದಾಗ ಮಾಡಬೇಕಾದದ್ದೇನು? ಜೀವನಾಂಶ ಕೊಡಿಸುವ, ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಎಂದು ಕರೆಯುತ್ತಿದ್ದ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಎಲ್ಲ ಧರ್ಮದವರ ಮಕ್ಕಳಿಗೂ ಇದು ಅನ್ವಯ. ವಿಚ್ಛೇದನದ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಜೀವನಾಂಶ ಕೇಳಬಹುದು. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಆ ಅರ್ಜಿ ಇತ್ಯರ್ಥವಾಗಬೇಕು ಎಂದು ಕಾನೂನಿನಲ್ಲೇ ಇದೆ. ನಡೆಯುವುದು ಹಾಗೇ ಎಂದು ನಾನು ಹೇಳಲಾರೆ.

ಕೇಸು ಬಿದ್ದ ಕೂಡಲೇ ಸಂಬಳ ಇದ್ದಕ್ಕಿದ್ದಂತೆ ಇಳಿದುಹೋಗುವ ಗಂಡಸರಿದ್ದಾರೆ. ಬರುವ ಸಂಬಳ ಮುಚ್ಚಿಡುವ ಹೆಂಗಸರೂ ಇದ್ದಾರೆ. ಇದಕ್ಕೆಂದೇ ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಒಂದು ಕಟ್ಟಳೆ ಮಾಡಿತು. ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಇಬ್ಬರೂ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಜೀವನಾಂಶವೂ ಆದೇಶವಾದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ.

ಆದೇಶ ಕೈಗೆ ಬಂದ ಮೇಲೂ ಹಣ ಬರದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಈ ಕಲಮಿನಡಿ ಬಾಕಿ ವಸೂಲಿಯ ವಾರಂಟ್ ಬೇಕಾದರೆ, ಬಾಕಿ ಬಿದ್ದ ಒಂದು ವರ್ಷದೊಳಗೇ ಅರ್ಜಿ ಹಾಕಬೇಕು. "ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ" ಎಂದು ಕಾದು ಕೂತರೆ ಹಳೆಯ ಬಾಕಿ ಈ ದಾರಿಯಿಂದ ಕೈತಪ್ಪುತ್ತದೆ. ಕಾರಣವಿಲ್ಲದೆ ಕೊಡದವರನ್ನು ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಇನ್ನು ಮಗು ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ. ಐದು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಇದನ್ನೇ ಹಿಡಿದು, ಐದು ತುಂಬಿದ ಕೂಡಲೇ ಕೂಸನ್ನು ಎತ್ತಿಕೊಂಡು ಹೋಗಬಹುದು ಎಂದುಕೊಂಡ ತಂದೆಯರುಂಟು. ಕಾನೂನು ಹಾಗೆ ಹೇಳಿಲ್ಲ. ಎಲ್ಲಕ್ಕಿಂತ ಮೊದಲು ನೋಡುವುದು ಮಗುವಿನ ಹಿತ. ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸುವುದೂ ಉಂಟು. ಹಿಂದಿನ ರಾತ್ರಿ ಬಾಯಿಪಾಠ ಮಾಡಿಸಿ ಕಳಿಸಿದ ಮಾತು ಅಲ್ಲಿ ಎರಡೇ ಪ್ರಶ್ನೆಗೆ ಗೊತ್ತಾಗುತ್ತದೆ.

ಮಗು ಒಬ್ಬರ ವಶದಲ್ಲಿದ್ದರೆ ಇನ್ನೊಬ್ಬರಿಗೆ ಭೇಟಿಯ ಹಕ್ಕು ಇರುತ್ತದೆ. ಬೇರೆ ಊರಲ್ಲೋ ದುಬೈನಲ್ಲೋ ಇರುವವರಿಗೆ ವಿಡಿಯೋ ಕರೆಯ ವ್ಯವಸ್ಥೆಯೂ ಆಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಭೇಟಿಗೆ ಅಡ್ಡಿಯಾದರೆ ಆದೇಶ ಕೊಟ್ಟ ನ್ಯಾಯಾಲಯಕ್ಕೇ ಮರಳಿ ಅರ್ಜಿ ಹಾಕಿ, ಹಣ ನಿಲ್ಲಿಸಬೇಡಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೊರಟವರಿಗೆ ಒಂದು ಮಾತು. "ನನಗೇನೂ ಬೇಡ, ಬಿಟ್ಟರೆ ಸಾಕು" ಎಂದು ತಾಯಿ ತನ್ನ ಪಾಲನ್ನು ಬಿಡಬಹುದು, ಮಗುವಿನ ಪಾಲನ್ನು ಬಿಡಲಾಗದು. ಒಪ್ಪಂದದಲ್ಲಿ "ಸಮಯಾನುಸಾರ ಭೇಟಿ" ಎಂದಷ್ಟೇ ಬರೆದು ಸಹಿ ಹಾಕಬೇಡಿ. ದಸರಾ ರಜೆ ಯಾರ ಬಳಿ, ಬೇಸಿಗೆ ರಜೆ ಹೇಗೆ ಹಂಚಿಕೆ, ಶಾಲೆಯ ಶುಲ್ಕ ಏರಿದರೆ ಯಾರು ತುಂಬಬೇಕು, ಪಾಸ್‌ಪೋರ್ಟ್‌ಗೆ ಸಹಿ ಯಾರದು, ಎಲ್ಲವನ್ನೂ ಬರೆಸಿ.

ವಕೀಲರ ಶುಲ್ಕಕ್ಕೆ ಹೆದರಿ ಮನೆಯಲ್ಲೇ ಕೂರಬೇಡಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಕರೆ ಮಾಡಬೇಕಾದ ಸಂಖ್ಯೆ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ನೇರವಾಗಿಯೂ ಅರ್ಜಿ ಕೊಡಬಹುದು. ಹೋಗುವಾಗ ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಶುಲ್ಕದ ರಸೀದಿಗಳನ್ನು ಜೊತೆಗಿಟ್ಟುಕೊಳ್ಳಿ. ನಮಸ್ಕಾರ.