ಮಗ್ಗ ಕೊಟ್ಟರೆ ಸಾಲದು, ಶನಿವಾರದ ಕೂಲಿ ಬೇಕು

ಬಾನುಲಿಯ ಕೇಳುಗರಿಗೆಲ್ಲ ನಮಸ್ಕಾರ. ಹಳ್ಳಿಯ ಹೆಣ್ಣುಮಕ್ಕಳ ನಡುವೆ ಕೈಮಗ್ಗದ ನೇಯ್ಗೆಯನ್ನು ಮತ್ತೆ ಊರ್ಜಿತಗೊಳಿಸುವುದು ಹೇಗೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಬೆಂಗಳೂರು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ನನ್ನ ಉತ್ತರ ಬಹಳ ಚಿಕ್ಕದು: ನೇಯುವವಳ ಕೈಗೆ ವಾರವಾರವೂ ಕೂಲಿ ಸೇರಬೇಕು, ಅದೂ ಅವಳ ಹೆಸರಿನಲ್ಲಿಯೇ ಸೇರಬೇಕು.

ಕೈಮಗ್ಗವೆಂದ ಕೂಡಲೇ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅಡ್ಡನೂಲು ಹೊತ್ತ ಲಾಳಿಯನ್ನು ಎಸೆಯುವ ಗಂಡಸೇ ನಮ್ಮ ಕಣ್ಣಿಗೆ ಕಟ್ಟುತ್ತಾನೆ. ಆದರೆ 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕಸುಬಿನಲ್ಲಿರುವ ಸುಮಾರು 35 ಲಕ್ಷ ಜನರಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಹೆಂಗಸರು. ನೂಲಿನ ಲಡಿ ಬಿಡಿಸಿ ರಾಟೆಯಲ್ಲಿ ಲಾಳಿಯೊಳಗಿಡುವ ಕಂಡಿಕೆ ಸುತ್ತುವವಳು, ಮಗ್ಗದ ಉದ್ದಕ್ಕೆ ಕಟ್ಟುವ ಹಾಸುನೂಲಿಗೆ ಗಂಜಿ ಹಚ್ಚುವವಳು, ಬೆರಳಿಗೆ ಬೂದಿ ಸವರಿಕೊಂಡು ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಹೊಸೆದು ಕೆಚ್ಚುವವಳು ಅವಳೇ. ಕೂಲಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಮನೆಯ ಯಜಮಾನನ ಹೆಸರು.

ಆನೇಕಲ್ಲಿನ ಕಡೆಯ ಒಂದು ಹಳ್ಳಿಯ ಸಂಗತಿಯನ್ನು ಹೇಳಿದರೆ ನನ್ನ ಮಾತು ಸ್ಪಷ್ಟವಾದೀತು. ಅಲ್ಲಿ ಯಾವುದೋ ಸಂಸ್ಥೆಯವರು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಮನೆಗೊಂದು ಮಗ್ಗ ನಿಲ್ಲಿಸಿ, ಫೋಟೋ ತೆಗೆಸಿಕೊಂಡು ಹೊರಟುಹೋಗಿದ್ದರು. ಮರುವರ್ಷ ನಾನು ಹೋದಾಗ ಒಂದು ಮನೆಯಲ್ಲಿ ಮಗ್ಗದ ಮೇಲೆ ರಾಗಿ ಮೂಟೆಗಳಿದ್ದವು, ನೇಯ್ದ ಎಳೆಯನ್ನು ಬಿಗಿಯಾಗಿ ಕೂರಿಸುವ ಹಣಿಗೆಗೆ ತುಕ್ಕು ಹಿಡಿದಿತ್ತು, ಲಾಳಿಯನ್ನು ಮನೆಯ ಮಗು ಬಸ್ಸು ಮಾಡಿಕೊಂಡು ಅಂಗಳದಲ್ಲಿ ಓಡಿಸುತ್ತಿತ್ತು. ‘ಯಾಕಮ್ಮ, ಕಲಿತದ್ದು ಮರೆತುಹೋಯಿತೇ?’ ಎಂದು ಕೇಳಿದೆ. ‘ಮರೆಯೋದೇನು ಸಾರ್, ನೂಲು ಯಾರು ಕೊಡ್ತಾರೆ? ನೇಯ್ದದ್ದನ್ನ ಯಾರು ತಗೋತಾರೆ? ಗಾರ್ಮೆಂಟ್ಸ್‌ಗೆ ಹೋದ್ರೆ ತಿಂಗಳಿಗೆ ಸಂಬಳನಾದ್ರೂ ಬರುತ್ತೆ’ ಎಂದಳು ಆ ಮನೆಯ ಸೊಸೆ.

ಚಿಕ್ಕಪೇಟೆಯ ಪರಿಚಯದ ವರ್ತಕರೊಬ್ಬರನ್ನು ಒಪ್ಪಿಸಿ, ಸೋಮವಾರ ನೂಲು, ಶನಿವಾರ ಬಟ್ಟೆ ಅಳೆದು ಕೂಲಿ ಎಂಬ ಕರಾರು ಮಾಡಿಸಿದೆವು. ಮೊದಲ ಬಟ್ಟೆಯ ಅಂಚು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿತ್ತು. ವರ್ತಕರು ಗೊಣಗಿದರಾದರೂ ಕೂಲಿ ಮುರಿಯಲಿಲ್ಲ. ‘ಇವಳು ಮಗ್ಗದ ಮುಂದೆ ಕೂತರೆ ಹಾಲು ಕರೆಯೋರು ಯಾರು?’ ಎಂದು ರೇಗುತ್ತಿದ್ದ ಅತ್ತೆ, ಶನಿವಾರದ ನೋಟುಗಳನ್ನು ಎರಡೆರಡು ಬಾರಿ ಎಣಿಸಿದ ಮೇಲೆ ತಾವೇ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತತೊಡಗಿದರು. ಕಂಡಿಕೆಗೂ ಬೇರೆ ಕೂಲಿ ಕೊಡಬೇಕೆಂದು ವರ್ತಕರೊಡನೆ ಜಗಳಕ್ಕೆ ನಿಂತವರೂ ಅವರೇ, ಗೆದ್ದವರೂ ಅವರೇ!

ಇಷ್ಟು ಸರಳವಾದ ಸಂಗತಿ ಯೋಜನೆಗಳನ್ನು ಬರೆಯುವವರಿಗೆ ಏಕೆ ಹೊಳೆಯುವುದಿಲ್ಲವೋ ನಾನರಿಯೆ. ತರಬೇತಿಯ ಮೇಲೆ ತರಬೇತಿ ನಡೆಯುತ್ತಲೇ ಇದೆ, ಆದರೆ ಕೌಶಲವೊಂದೇ ಸಾಲದು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿ ಬೆಳೆಸಿದ ‘ಚರಕ’ ಎಂಬ ನೇಯ್ಗೆಯ ಸಹಕಾರ ಸಂಘವನ್ನೇ ನೋಡಿ. ಅಡಿಕೆ ಚೊಗರಿನಂತಹ ಸಹಜ ಬಣ್ಣಗಳ ಬಟ್ಟೆಯಿಂದ ಹೆಸರಾದ ಆ ಸಂಘವೂ 2020ರಲ್ಲಿ ಕೊರೊನಾದಿಂದ ಮಾರಾಟ ನಿಂತಾಗ ದೊಡ್ಡ ಸಂಕಟಕ್ಕೆ ಸಿಲುಕಿತು. ಅಲ್ಲಿ ಕೌಶಲಕ್ಕೇನೂ ಕೊರತೆ ಇರಲಿಲ್ಲ. ಬಟ್ಟೆ ಮಾರಾಟವಾಗದೆ ವಾರದ ಕೂಲಿಗೆ ಹಣ ಎಲ್ಲಿಂದ ಬರಬೇಕು?

ಸಮಯ ಮೀರುತ್ತಿದೆ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕೈಮಗ್ಗದ ಸೀರೆ ಕೊಳ್ಳುವ ತಾಯಂದಿರು ದಯವಿಟ್ಟು, ಬಟ್ಟೆ ಕೈಮಗ್ಗದ್ದೇ ಎಂದು ಸಾರುವ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆಯೇ ಎಂದು ನೋಡಿ, ಚೌಕಾಸಿಯನ್ನು ಸ್ವಲ್ಪ ಬಿಡಿ. ನೀವು ಇಳಿಸುವ ನೂರು ರೂಪಾಯಿ ಅಂಗಡಿಯವರ ಲಾಭದಿಂದಲ್ಲ, ಆ ಸೊಸೆಯ ಶನಿವಾರದ ಕೂಲಿಯಿಂದ ಇಳಿಯುತ್ತದೆ. ಹಳ್ಳಿಗಳ ಸ್ತ್ರೀಶಕ್ತಿ ಸಂಘದವರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮೂರಿಗೆ ಯಾರಾದರೂ ಮಗ್ಗ ಕೊಡಲು ಬಂದರೆ, ನೂಲು ಯಾವ ದಿನ ಬರುತ್ತದೆ, ಕೂಲಿ ಯಾವ ದಿನ ಬರುತ್ತದೆ ಎಂದು ಮೊದಲು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಸಹಿ ಹಾಕಿ. ನಮಸ್ಕಾರ.